ಇಪ್ಪತ್ತೇಳನೆಯ ಪುಡಿ

ಬೆಳಗ್ಗೆ ಒಂಬತ್ತೂಕಾಲಿಗೆ ತಟ್ಟೆರಾಯರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಓಡಿಬಂದರು ಎಂದರೆ ಅವರನ್ನು ಬಲ್ಲವರು ಯಾರೂ ನಂಬುವುದಿಲ್ಲ. ಕಟ್ಟಡಕ್ಕೆ ಬೆಂಕಿ ಬಿದ್ದರೂ ಆ ಮನುಷ್ಯ ಮೊದಲು ಕನ್ನಡಕ ಒರೆಸಿಕೊಂಡು ಆಮೇಲೆ ಎದ್ದು ಹೋಗುವವರು. ಸಣ್ಣ ಸಣ್ಣ ತಟ್ಟೆಗಳಲ್ಲಿ ರೋಗಾಣು ಬೆಳೆಸುವುದು, ಅದರ ಮೇಲೆ ಮದ್ದು ಇಟ್ಟು ಸಾಯುತ್ತದೋ ಇಲ್ಲವೋ ನೋಡುವುದು, ಸಾಯಲಿಲ್ಲ ಎಂದು ಬರೆದು ಕಳಿಸುವುದು: ಇಪ್ಪತ್ತು ವರ್ಷಗಳಿಂದ ಇದೇ ಅವರ ಉದ್ಯೋಗ. ಅದಕ್ಕೇ ಆ ಹೆಸರು. ಸಾಯಲಿಲ್ಲ ಎಂದು ಬರೆದೂ ಬರೆದೂ ಅವರ ಮುಖಕ್ಕೇ ಒಂದು ಬಗೆಯ ಸಂತಾಪದ ಕಳೆ ಬಂದುಬಿಟ್ಟಿತ್ತು. ಅಂಥವರು ಆ ಮಂಗಳವಾರ ಏದುಸಿರು ಬಿಡುತ್ತ ರಸಾಯನ ವಿಭಾಗದ ಬಾಗಿಲು ತಳ್ಳಿದರು.

“ತೊಗಟೆ ಮೇಡಂ! ಕೈಲಿರೋದನ್ನ ಕೆಳಗಿಡಿ. ಮೊದ್ಲು ಇಡಿ. ಆಮೇಲೆ ಇದನ್ನ ನೋಡಿ.”

ತೊಗಟೆ ಮೇಡಂ ಎಂದರೆ ಮೂವತ್ತೈದು ದಾಟಿದ, ನಿಂತಲ್ಲಿ ನಿಲ್ಲದ, ಮಾತಾಡುವಾಗ ಕೈಯಾಡಿಸಿ ಸುತ್ತಲಿನ ಗಾಜಿಗೆಲ್ಲ ಗಂಡಾಂತರ ತರುವ ಹೆಂಗಸು. ನಾಲ್ಕು ವರ್ಷಗಳಿಂದ ಒಂದೇ ಮರದ ತೊಗಟೆಯ ಬೆನ್ನು ಹತ್ತಿದ್ದಳು. ಆ ತೊಗಟೆಯನ್ನು ನೆನೆಸಿ, ಸೋಸಿ, ಶುದ್ಧ ಮಾಡಿದರೆ ಒಂದು ಬಿಳಿ ಪುಡಿ ಸಿಗುತ್ತದೆ. ಮರ ತನ್ನ ಮೈ ಕೊಳೆಯದಿರಲೆಂದು ಮಾಡಿಕೊಂಡ ಮದ್ದು ಅದು. ಮರಕ್ಕೆ ಸಾಕು, ಮನುಷ್ಯನಿಗೆ ಸಾಲದು. ಆಸ್ಪತ್ರೆಗಳಲ್ಲಿ ಯಾವ ಔಷಧಕ್ಕೂ ಜಗ್ಗದೆ ಗಾಯದೊಳಗೆ ಕೂತುಬಿಡುವ ಒಂದು ರೋಗಾಣು ಇದೆ, ತಟ್ಟೆರಾಯರು ಅದಕ್ಕೆ ‘ಮೊಂಡ’ ಎಂದು ಹೆಸರಿಟ್ಟಿದ್ದರು. ಆ ಬಿಳಿ ಪುಡಿಗೆ ಮೊಂಡ ಕ್ಯಾರೇ ಅನ್ನುತ್ತಿರಲಿಲ್ಲ. ಆದರೆ ಪುಡಿಯ ಅಣುವಿಗೆ ಒಂದು ಬಾಲವಿತ್ತು. ಆ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದರೆ ಸಾಧುವಾದ ಮದ್ದು ಜೋರಾಗುತ್ತದೆ ಎಂಬುದು ಅವಳ ಹಟ. ಇಪ್ಪತ್ತಾರು ಬಾಲ ಅಂಟಿಸಿ ನೋಡಿದ್ದಳು. ಇಪ್ಪತ್ತಾರಕ್ಕೂ ತಟ್ಟೆರಾಯರಿಂದ ಸಂತಾಪವೇ ಬಂದಿತ್ತು.

ಈಗ ಅವರು ಚಾಚಿದ ತಟ್ಟೆಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದಳು. ತಟ್ಟೆಯ ತುಂಬ ಮೊಂಡ ಮಂಜಿನ ಹಾಗೆ ಹಬ್ಬಿಕೊಂಡಿದೆ. ನಡುವೆ ಇಪ್ಪತ್ತೇಳನೆಯ ಪುಡಿ ಹಚ್ಚಿದ ಪುಟ್ಟ ಕಾಗದದ ಬಿಲ್ಲೆ. ಅದರ ಸುತ್ತ ಹೆಬ್ಬೆರಳಗಲ ಜಾಗ ಬೋಳು! ಒಂದೇ ಒಂದು ಚುಕ್ಕೆ ಇಲ್ಲ, ತಟ್ಟೆಯ ತಳ ಕಾಣುವಷ್ಟು ನಿಚ್ಚಳ.

“ಸತ್ತಿದೆ,” ಎಂದಳು. ದನಿ ಹೊರಡಲಿಲ್ಲ. ಮತ್ತೆ ಕೂಗಿದಳು. “ಸತ್ತಿದೆ! ಮೊಂಡ ಸತ್ತಿದೆ! ಚಿಕ್ಕಮ್ಮ, ಬಾ ಇಲ್ಲಿ, ಬೇಗ ಬಾ!”

ಚಿಕ್ಕಮ್ಮ ಎಂದರೆ ಅವಳ ಸ್ವಂತ ಚಿಕ್ಕಮ್ಮ, ಅಮ್ಮನ ತಂಗಿ. ಅಕ್ಕನ ಮಗಳು ಇಲ್ಲಿಗೆ ಬರುವುದಕ್ಕೂ ಹದಿನೈದು ವರ್ಷ ಮೊದಲಿನಿಂದ ಇದೇ ವಿಭಾಗದಲ್ಲಿ ಗಾಜು ತೊಳೆಯುತ್ತಿದ್ದವಳು. ಈ ಮೇಡಂ ಬಂದು ಚಿಕ್ಕಮ್ಮ, ಚಿಕ್ಕಮ್ಮ ಎಂದು ಹಗಲೆಲ್ಲ ಕರೆದೂ ಕರೆದೂ ಈಗ ಇಡೀ ಕಟ್ಟಡಕ್ಕೇ ಆಕೆ ಚಿಕ್ಕಮ್ಮ, ನಿವೃತ್ತಿಗೆ ಎರಡು ವರ್ಷ ಉಳಿದ ಮುಖ್ಯಸ್ಥರಿಗೂ. ಸಿಂಕಿನ ಕೋಣೆಯಿಂದ ರಬ್ಬರ್ ಕೈಗವಸಿನಲ್ಲೇ ಬಂದ ಚಿಕ್ಕಮ್ಮ ತಟ್ಟೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

“ಈ ಬೋಳು ಇದೆಯಲ್ಲ, ಅದು ಒಳ್ಳೇದಾ?”

“ಒಳ್ಳೇದಾ ಅಂತ ಕೇಳ್ತೀಯಲ್ಲ! ಇದಕ್ಕಿಂತ ಒಳ್ಳೇದು ಇಲ್ವೇ ಇಲ್ಲ!” ಎಂದು ಅವಳು ಚಿಕ್ಕಮ್ಮನನ್ನು ಅಪ್ಪಿಕೊಂಡು ಗಿರ್ರನೆ ತಿರುಗಿಸಿದಳು. ಸೋಪಿನ ನೊರೆ ತಟ್ಟೆರಾಯರ ಕನ್ನಡಕಕ್ಕೆ ಸಿಡಿಯಿತು. ಅವರು ಒರೆಸಿಕೊಳ್ಳಲೂ ಇಲ್ಲ, ನಗುತ್ತಲೇ ಇದ್ದರು. ಅವರಿಗೆ ಹಲ್ಲುಗಳಿವೆ ಎಂದು ವಿಭಾಗದವರಿಗೆ ಗೊತ್ತಾದದ್ದೇ ಆವತ್ತು.

ಮುಖ್ಯಸ್ಥರು ಮಾತ್ರ ತಟ್ಟೆ ನೋಡಿ ಹುಬ್ಬೇರಿಸಿ, ಕುರ್ಚಿಗೆ ಒರಗಿದರು. ಕೆಟ್ಟವರಲ್ಲ, ಆದರೆ ಸಂತೋಷವನ್ನೂ ಕಂತಿನಲ್ಲಿ ಪಡುವ ಸ್ವಭಾವ.

“ಚೆನ್ನಾಗಿದೆ. ಮತ್ತೆ ಮೂರು ಸಲ ಮಾಡಿ. ಮೂರೂ ಹೀಗೇ ಬರ್ಬೇಕು. ಮುಂದಿನ ತಿಂಗಳ ಮೊದಲ ಶುಕ್ರವಾರ ಮೀಟಿಂಗ್ ಇದೆ. ತೊಗಟೆ ಕೆಲ್ಸ ನಿಲ್ಸಿಬಿಡೋಣ ಅಂತ ಆಗ್ಲೇ ಮೇಲಿನವರು ಬರ್ದಿದ್ದಾರೆ, ನಿಮ್ಗೆ ಹೇಳಿರ್ಲಿಲ್ಲ ಅಷ್ಟೆ. ಇದು ನಿಜ ಅಂತಾದ್ರೆ ಕೆಲ್ಸ ಉಳಿಯುತ್ತೆ. ಇಲ್ಲಾಂದ್ರೆ ನಿಮ್ಮ ಮೇಜು ಬೇರೆಯವ್ರಿಗೆ.”

“ಮೂರೇನು ಸರ್, ಮೂವತ್ತು ಸಲ ಮಾಡ್ತೀನಿ,” ಎಂದು ಹೊರಬಿದ್ದಳು. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಎರಡನೆಯ ಸಲದ ಪುಡಿ ಎಂಟು ದಿನದಲ್ಲಿ ತಯಾರಾಯಿತು. ಮೊದಲ ಸಲ ಅವಳಿಗೆ ತೂಕದ ಯಂತ್ರದ ಸರದಿ ಕಾಯುವ ವ್ಯವಧಾನ ಇರಲಿಲ್ಲ, ಮಾಡಿದ ಕೂಡಲೇ ಅಕ್ಕಿಕಾಳಿನಷ್ಟು ಪುಡಿಯನ್ನು ತಟ್ಟೆರಾಯರ ಕೈಗೆ ತುರುಕಿದ್ದಳು. ಈ ಸಲ ಎಲ್ಲ ಕ್ರಮಪ್ರಕಾರ. ಅಣುವಿನ ತೂಕ ಹೇಳುವ ಯಂತ್ರ ಪಕ್ಕದ ಕಟ್ಟಡದಲ್ಲಿತ್ತು, ಅಲ್ಲಿಗೆ ಕಳಿಸಿ, ಇಪ್ಪತ್ತೇಳಕ್ಕೆ ಇರಬೇಕಾದ ತೂಕವೇ ಇದೆ ಎಂದು ಖಾತ್ರಿ ಮಾಡಿಕೊಂಡೇ ತಟ್ಟೆಗೆ ಕೊಟ್ಟಳು.

ಮರುದಿನ ತಟ್ಟೆರಾಯರು ಓಡಿಬರಲಿಲ್ಲ. ನಡೆದುಬಂದರು. ಅವರ ಮುಖ ನೋಡಿದ ಕೂಡಲೇ ಅವಳು ತಟ್ಟೆ ಕಸಿದು ಕಿಟಕಿಗೆ ಹಿಡಿದಳು. ಬಿಲ್ಲೆಯ ಅಂಚಿನವರೆಗೂ ಮೊಂಡ ಹಬ್ಬಿ ಕೂತಿತ್ತು, ಮಾವನ ಮನೆಗೆ ಬಂದ ಅಳಿಯನಷ್ಟು ಆರಾಮಾಗಿ.

“ತಟ್ಟೇಲೇ ಏನಾದ್ರೂ ಎಡವಟ್ಟಾಗಿರ್ಬೇಕು,” ಎಂದಳು.

“ನನ್ ತಟ್ಟೇಲಿ ಎಡವಟ್ಟಾಗಲ್ಲ,” ಎಂದರು ತಟ್ಟೆರಾಯರು, ಸ್ವಲ್ಪ ಗಡುಸಾಗಿಯೇ.

ಮೂರನೆಯ ಸಲವೂ ಅಷ್ಟೇ. ಅದೇ ತೊಗಟೆ, ಅದೇ ಬಾಲ, ಅದೇ ಕೈ. ತೂಕ ಸರಿ, ಕೆಲಸ ಸೊನ್ನೆ. ಮೀಟಿಂಗಿಗೆ ಹದಿನಾಲ್ಕು ದಿನ ಉಳಿದಿತ್ತು. ಮುಖ್ಯಸ್ಥರು ಎಲ್ಲರನ್ನೂ ಕೋಣೆಗೆ ಕರೆದು, ಮೊದಲ ಸಲಕ್ಕೂ ಆಮೇಲಿನ ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಹನ್ನೊಂದು ಜನ ತನ್ನ ಮುಖವನ್ನೇ ನೋಡುತ್ತಿರುವಾಗ ಗೊತ್ತಿಲ್ಲ ಎನ್ನುವುದಕ್ಕೆ ಬೇರೆಯದೇ ಧೈರ್ಯ ಬೇಕು, ಅದು ಆ ಹೊತ್ತಿಗೆ ಅವಳಲ್ಲಿರಲಿಲ್ಲ.

“ಗಾಜು ಇರ್ಬೇಕು ಸರ್. ತೊಳೆಯೋದ್ರಲ್ಲಿ ಸೋಪು ಉಳ್ಕೊಂಡಿದ್ರೆ ಹೀಗಾಗುತ್ತೆ. ಇತ್ತೀಚೆಗೆ ಗಾಜು ಮೊದಲಿನ ಥರ ಬರ್ತಿಲ್ಲ.”

ಹಾಗೆ ಸಲೀಸಾಗಿ ಚಿಕ್ಕಮ್ಮನ ತಲೆಯ ಮೇಲೆ ಗೂಬೆ ಕೂರಿಸಿದಳು. ಚಿಕ್ಕಮ್ಮ ಅಲ್ಲೇ, ಬಾಗಿಲ ಬಳಿ, ತೊಳೆದ ಲೋಟಗಳ ಟ್ರೇ ಹಿಡಿದು ನಿಂತಿದ್ದಳು. ಟ್ರೇಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಹೋದಳು.

ಇಪ್ಪತ್ತೆರಡು ವರ್ಷ ಗಾಜು ತೊಳೆದವಳಿಗೆ ಆಡಬಾರದ ಮಾತು ಅದು. ಚಿಕ್ಕಮ್ಮನ ಕ್ರಮ ಎಂದರೆ ಕ್ರಮ: ಮೊದಲು ಸೋಪು, ಆಮೇಲೆ ನಲ್ಲಿ ನೀರು, ಆಮೇಲೆ ಬಟ್ಟಿಯಿಳಿಸಿದ ನೀರು, ಕೊನೆಗೆ ನೀರಿನ ಪಸೆ ಹೋಗಲೆಂದು ಅಸಿಟೋನ್. ಅಲ್ಲಿಗೂ ಮುಗಿಯಲಿಲ್ಲ, ಓವನ್ನಿನಲ್ಲಿ ಎರಡು ಗಂಟೆ. ಅದಕ್ಕೆ ಮೊದಲು ಯಾರಾದರೂ ಫ್ಲಾಸ್ಕಿಗೆ ಕೈಹಾಕಿದರೆ ಕೈಗೇ ಹೊಡೆಯುವಳು. ಮುಖ್ಯಸ್ಥರೂ ಒಮ್ಮೆ ಏಟು ತಿಂದಿದ್ದರು. ಗಾಜು ಸರಿ ಇಲ್ಲ ಎಂಬ ಮಾತು ಹೊರಬಿದ್ದ ಮೇಲೆ ಚಿಕ್ಕಮ್ಮ ಪ್ರತಿಯೊಂದನ್ನೂ ಮೂರು ಸಲ ತೊಳೆದು, ನಾಲ್ಕು ಗಂಟೆ ಓವನ್ನಿನಲ್ಲಿ ಇಡತೊಡಗಿದಳು. ಇಬ್ಬರೂ ದಿನಾ ಒಂದೇ ಬಸ್ಸಿನಲ್ಲಿ ಬರುವವರು. ಈಗ ಚಿಕ್ಕಮ್ಮ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಇವಳಿಗೆ ಹೋಗಿ ಪಕ್ಕದಲ್ಲಿ ಕೂರುವ ಮುಖವಿರಲಿಲ್ಲ.

ಅಷ್ಟು ಚೊಕ್ಕ ಗಾಜಿನಲ್ಲಿ ಮಾಡಿದ ನಾಲ್ಕನೆಯ ಪುಡಿಯೂ ಕೈಕೊಟ್ಟಿತು. ಮೊಂಡ ಮತ್ತಷ್ಟು ಸೊಂಪಾಗಿ ಬೆಳೆದಂತೆ ಕಂಡಿತು. ಸೋಪಿನ ಕಥೆ ಅಲ್ಲಿಗೆ ಮಣ್ಣುಪಾಲಾಯಿತು. ಮೀಟಿಂಗಿಗೆ ಇನ್ನು ಐದೇ ದಿನ.

ಆವತ್ತು ಭಾನುವಾರ. ಅವಳು ಬರಿದಾದ ವಿಭಾಗದಲ್ಲಿ ಮೇಜಿನ ಮುಂದೆ ಬೆಪ್ಪಾಗಿ ಕೂತಿದ್ದಾಗ ತಟ್ಟೆರಾಯರ ಫೋನ್ ಬಂತು.

“ಮೇಡಂ, ಫ್ರಿಜ್ ಖಾಲಿ ಮಾಡ್ತಿದ್ದೆ. ನಿಮ್ಮ ಮೊದಲ ಸಲದ ಟ್ಯೂಬ್ ಮೂಲೇಲಿ ಬಿದ್ದಿದೆ. ತಳದಲ್ಲಿ ಒಂಚೂರು ಕಚ್ಕೊಂಡಿದೆ. ಬಿಸಾಡ್ಲಾ?”

“ಮುಟ್ಬೇಡಿ!” ಎಂದು ಚೀರಿದಳು. “ಅದನ್ನ ಯಾರಾದ್ರೂ ಮುಟ್ಟಿದ್ರೆ ನಾನು ಸುಮ್ನಿರಲ್ಲ!”

ಸೋಮವಾರ ಬೆಳಗ್ಗೆ ತೂಕದ ಯಂತ್ರದವರ ಕೈಕಾಲು ಹಿಡಿದು, ಸರದಿ ತಪ್ಪಿಸಿ, ಆ ಚೂರನ್ನು ಯಂತ್ರಕ್ಕೆ ಹಾಕಿಸಿದಳು. ಹನ್ನೆರಡು ನಿಮಿಷದಲ್ಲಿ ಕಾಗದ ಹೊರಬಂತು. ಅದರಲ್ಲಿ ಇಪ್ಪತ್ತೇಳರ ತೂಕ ಇರಲಿಲ್ಲ. ಅದಕ್ಕಿಂತ ನಲವತ್ತು ಹೆಚ್ಚಿತ್ತು. ಸರಿಯಾಗಿ ನಲವತ್ತು.

ಅಂದರೆ ಮೊಂಡನನ್ನು ಕೊಂದದ್ದು ಇಪ್ಪತ್ತೇಳು ಅಲ್ಲವೇ ಅಲ್ಲ! ಅವಳು ಶ್ರದ್ಧೆಯಿಂದ ಮತ್ತೆ ಮತ್ತೆ ಮಾಡುತ್ತಿದ್ದದ್ದು ಕೆಲಸಕ್ಕೆ ಬಾರದ ಪುಡಿ. ಕೊಂದದ್ದು ಇನ್ಯಾವುದೋ, ಅವಳಿಗೇ ತಿಳಿಯದೆ ಅವಳ ಕೈಯಲ್ಲೇ ಹುಟ್ಟಿದ್ದು. ನಲವತ್ತು ಎಲ್ಲಿಂದ ಬಂತು? ಕಾರಿಡಾರಿನ ಉದ್ದಕ್ಕೂ ನಲವತ್ತು, ನಲವತ್ತು ಎಂದು ಗೊಣಗುತ್ತ ಬಂದಳು. ಎದುರಾದ ಭದ್ರತೆಯವನು ತನ್ನ ವಯಸ್ಸು ಕೇಳುತ್ತಿದ್ದಾಳೆಂದುಕೊಂಡು ನಲವತ್ತಮೂರು ಎಂದ.

ಸಿಂಕಿನ ಕೋಣೆಯಲ್ಲಿ ಯಾರೂ ಇರಲಿಲ್ಲ, ಚಿಕ್ಕಮ್ಮ ಊಟಕ್ಕೆ ಹೋಗಿದ್ದಳು. ಇವಳು ಯೋಚನೆಯ ಗುಂಗಿನಲ್ಲೇ ಒಂದು ಫ್ಲಾಸ್ಕ್ ಎತ್ತಿಕೊಂಡು, ಚಿಮ್ಮುವ ಬಾಟಲಿಯಿಂದ ಅಸಿಟೋನ್ ಹಾಕಿ ಕುಲುಕಿ ಚೆಲ್ಲಿದಳು. ಆ ಘಾಟು ವಾಸನೆ ಮೂಗಿಗೆ ಹೊಡೆಯಿತು. ಕೈ ಹಾಗೇ ನಿಂತಿತು.

ಅಸಿಟೋನಿನ ತೂಕ ಐವತ್ತೆಂಟು. ಇಪ್ಪತ್ತೇಳಕ್ಕೆ ತಾನು ಅಂಟಿಸಿದ ಬಾಲದ ತುದಿ ಅಂಟುಬುರುಕ, ಅಸಿಟೋನ್ ಕಂಡರೆ ಬಿಡುವುದಿಲ್ಲ. ಅವೆರಡೂ ಕೂಡಿಕೊಂಡರೆ ಒಂದು ಅಣು ನೀರು ಹೊರಗೆ ಬೀಳುತ್ತದೆ. ನೀರಿನ ತೂಕ ಹದಿನೆಂಟು. ಐವತ್ತೆಂಟರಲ್ಲಿ ಹದಿನೆಂಟು ಹೋದರೆ...

ಪೆನ್ನು ಸಿಗಲಿಲ್ಲ. ಸಿಂಕಿನ ಮೇಲಿನ ಕನ್ನಡಿಗೆ ಕೂತಿದ್ದ ಬಿಸಿನೀರಿನ ಹಬೆಯಲ್ಲಿ ಬೆರಳಿನಿಂದಲೇ ಬರೆದಳು: ೪೦. ಬರೆದವಳೇ ಸಿಂಕಿನ ಅಂಚು ಹಿಡಿದು ಒಬ್ಬಳೇ ಗಹಗಹಿಸಿ ನಕ್ಕಳು. ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷ ಪುಸ್ತಕ ತಿರುವಿ, ಲೆಕ್ಕ ಹಾಕಿ, ನಿದ್ದೆಗೆಟ್ಟು ಅಂಟಿಸಿದ ಬಾಲಗಳೆಲ್ಲ ಒಂದು ಕಡೆ, ತೊಳೆಯುವ ಬಾಟಲಿಯಿಂದ ಬಿದ್ದ ಎರಡು ಹನಿ ಒಂದು ಕಡೆ!

ಅಂದರೆ ಮೊದಲ ಸಲದ ಫ್ಲಾಸ್ಕ್ ಒದ್ದೆಯಿತ್ತು. ಓವನ್ನಿಗೆ ಹೋಗದ, ಅಸಿಟೋನ್ ಆರದ ಫ್ಲಾಸ್ಕು. ನಕ್ಕು ಮುಗಿಯುವ ಮೊದಲೇ ಇನ್ನೊಂದು ಪ್ರಶ್ನೆ ಎದ್ದಿತು. ಚಿಕ್ಕಮ್ಮ ಒದ್ದೆ ಫ್ಲಾಸ್ಕನ್ನು ಹೊರಗೆ ಬಿಟ್ಟಳೇ? ಅದಾಗುವ ಮಾತಲ್ಲ. ಓಡಿಹೋಗಿ ನೋಟ್‌ಬುಕ್ ತೆರೆದು ಮೊದಲ ಸಲದ ತಾರೀಕು ನೋಡಿದಳು. ಆ ದಿನ ಚಿಕ್ಕಮ್ಮ ಕಣ್ಣು ತೋರಿಸಲು ರಜೆ ಹಾಕಿದ್ದಳು. ಕಪಾಟಿನಲ್ಲಿ ಐವತ್ತು ಮಿಲಿಲೀಟರಿನ ಒಣ ಫ್ಲಾಸ್ಕ್ ಇರಲಿಲ್ಲ. ಆತುರಕ್ಕೆ ತಾನೇ ಒಂದನ್ನು ಅಸಿಟೋನಿನಲ್ಲಿ ಗಲಬರಿಸಿ, ಒಣಗಿಸದೆ, ಪುಡಿಯ ದ್ರಾವಣ ಸುರಿದು ಇಡೀ ರಾತ್ರಿ ಬಿಟ್ಟಿದ್ದಳು. ಈಗ ಎಲ್ಲ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಆಮೇಲಿನ ಮೂರು ಸಲವೂ ಫ್ಲಾಸ್ಕ್ ಬಂದದ್ದು ಚಿಕ್ಕಮ್ಮನ ಕೈಯಿಂದ, ಕಟಕಟ ಒಣಗಿ. ಅದಕ್ಕೇ ಸರಿಯಾದ ಪುಡಿ ಬಂದಿತ್ತು, ಅದಕ್ಕೇ ಅದು ಕೆಲಸ ಮಾಡಿರಲಿಲ್ಲ. ಗಾಜು ಕೊಳಕಾಗಿದ್ದದ್ದು ಒಂದೇ ಸಲ, ಕೊಳಕು ಮಾಡಿದ್ದು ತಾನು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಆದರೆ ನಾಚಿಕೊಂಡು ಕೂರಲು ಹೊತ್ತೆಲ್ಲಿದೆ? ನಾಲ್ಕು ದಿನ! ನಾಲ್ಕನೆಯ ಸಲದ ಪುಡಿ ಡಬ್ಬಿಯಲ್ಲಿ ಉಳಿದಿತ್ತು. ಅದನ್ನೇ ಮೂರು ಪಾಲು ಮಾಡಿ, ಈ ಸಲ ಬೇಕೆಂದೇ, ಅಳತೆ ಮಾಡಿ, ಪ್ರತಿಯೊಂದಕ್ಕೂ ಅಸಿಟೋನ್ ಹಾಕಿ ಕಲಕಲು ಇಟ್ಟಳು. ಮಂಗಳವಾರ ಮಧ್ಯಾಹ್ನಕ್ಕೆ ಮೂರು ಪುಟ್ಟ ಟ್ಯೂಬುಗಳಲ್ಲಿ ಮಿರಮಿರನೆ ಹೊಳೆಯುವ ಹರಳು. ಯಂತ್ರಕ್ಕೆ ಹಾಕಿದರೆ ಮೂರರಲ್ಲೂ ನಲವತ್ತು ಹೆಚ್ಚು. ಬುಧವಾರ ತಟ್ಟೆರಾಯರ ಮುಂದೆ ಟ್ಯೂಬುಗಳನ್ನು ಸಾಲಾಗಿ ಇಟ್ಟಳು.

“ಬರೀ ಅಸಿಟೋನ್‌ಗೂ ಒಂದು ಬಿಲ್ಲೆ ಇಡ್ತೀನಿ,” ಎಂದರು ಅವರು. “ನಾಳೆ ಯಾರಾದ್ರೂ ಅಸಿಟೋನೇ ಕೊಂದಿದ್ದು ಅಂದ್ರೆ?”

“ಇಡಿ. ಒಣ ಇಪ್ಪತ್ತೇಳಕ್ಕೂ ಒಂದಿಡಿ. ಶುಕ್ರವಾರದ ತನಕ ನಂಗೆ ತೋರಿಸ್ಬೇಡಿ. ನೋಡಿದ್ರೆ ನನ್ನ ಎದೆ ಒಡೆದುಹೋಗುತ್ತೆ.”

“ನಾನೂ ನೋಡಲ್ಲ,” ಎಂದರು ತಟ್ಟೆರಾಯರು. ಅವರು ಆಡಿದ ಮಾತಿನಂತೆ ನಡೆದುಕೊಂಡರೋ ಇಲ್ಲವೋ ನನಗೆ ಅನುಮಾನ. ಗುರುವಾರ ಅವರು ಕಾರಿಡಾರಿನಲ್ಲಿ ಸೀಟಿ ಹೊಡೆಯುತ್ತಿದ್ದದ್ದನ್ನು ಕೇಳಿದವರಿದ್ದಾರೆ.

ಶುಕ್ರವಾರ ಹತ್ತು ಗಂಟೆಗೆ ಮೀಟಿಂಗ್ ಕೋಣೆ ತುಂಬಿತು. ಮುಖ್ಯಸ್ಥರು, ಮೇಲಿನಿಂದ ಬಂದ ಇಬ್ಬರು, ವಿಭಾಗದ ಹನ್ನೊಂದು ಜನ. ಅವಳು ಸಿಂಕಿನ ಕೋಣೆಗೆ ಹೋಗಿ, “ಚಿಕ್ಕಮ್ಮ, ನೀನೂ ಬರ್ಬೇಕು,” ಎಂದಾಗ ಚಿಕ್ಕಮ್ಮ ತಿರುಗಿ ನೋಡಲಿಲ್ಲ. “ಮತ್ತೇನು ತಪ್ಪಾಯ್ತು ನನ್ ಗಾಜಲ್ಲಿ?” ಎಂದಳು. ಆದರೂ ಕೈಗವಸು ಕಳಚಿ ಬಂದು ಹಿಂದಿನ ಗೋಡೆಗೆ ಒರಗಿ ನಿಂತಳು.

ತಟ್ಟೆರಾಯರು ಕಪ್ಪು ಬಟ್ಟೆಯ ಮೇಲೆ ತಟ್ಟೆ ಇಟ್ಟು ಮುಚ್ಚಳ ತೆಗೆದರು. ಎಲ್ಲರೂ ಎದ್ದು ಬಗ್ಗಿದರು. ತಲೆಗೆ ತಲೆ ಡಿಕ್ಕಿ ಹೊಡೆಯಿತು. ಐದು ಬಿಲ್ಲೆಗಳು. ಒಣ ಇಪ್ಪತ್ತೇಳರ ಸುತ್ತ ಮೊಂಡ ಗಟ್ಟಿಯಾಗಿ ಬೆಳೆದಿದೆ. ಬರೀ ಅಸಿಟೋನಿನ ಸುತ್ತಲೂ ಅಷ್ಟೇ. ಉಳಿದ ಮೂರರ ಸುತ್ತ ಮೂರು ಬೋಳು ವೃತ್ತ, ಹೆಬ್ಬೆರಳಗಲ, ಅಳೆದು ಕೊರೆದಂತೆ ಒಂದೇ ಸಮ!

ಯಾರೋ ಮೇಜು ಬಡಿದರು. ಯಾರೋ ಕೂಗಿದರು. ಮೇಲಿನಿಂದ ಬಂದವರಲ್ಲಿ ಒಬ್ಬರು ಅಳತೆಪಟ್ಟಿ ಕೇಳಿ, ಅಳೆದು, ಮತ್ತೆ ಅಳೆದು, “ತೊಗಟೆ ಕೆಲ್ಸ ನಿಲ್ಸೋ ಮಾತು ಆಡಿದ್ದು ಯಾರು?” ಎಂದು ತಾವೇ ಬರೆದ ಪತ್ರವನ್ನು ಮರೆತವರಂತೆ ಕೇಳಿದರು. ಮುಖ್ಯಸ್ಥರು ಈ ಸಲ ಸಂತೋಷವನ್ನು ಕಂತು ಮಾಡಲಿಲ್ಲ, ಒಟ್ಟಿಗೇ ಪಟ್ಟರು. ಉಳಿಯಿತು, ಅವಳ ನಾಲ್ಕು ವರ್ಷದ ಕೆಲಸ ಉಳಿಯಿತು.

“ಆದ್ರೆ ಅಸಿಟೋನ್ ಸೇರಿಸ್ಬೇಕು ಅಂತ ಹೇಗೆ ಹೊಳೀತು?” ಎಂದು ಮುಖ್ಯಸ್ಥರು ಪೆನ್ನು ತೆಗೆದರು. “ವರದಿಗೆ ಬೇಕು. ಲೆಕ್ಕ ಹಾಕಿ, ಯೋಚಿಸಿಯೇ ಮಾಡಿದ್ದು ಅಂತ ಬರ್ಕೊಳ್ಲಾ? ಓದೋರಿಗೂ ಚೆನ್ನಾಗಿರುತ್ತೆ.”

ಬರೆದುಕೊಳ್ಳಿ ಎಂದರೆ ಮುಗಿದುಹೋಗುತ್ತಿತ್ತು. ಆ ಮಾತು ಅವಳ ನಾಲಗೆಯ ತುದಿಯವರೆಗೂ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಹಿಂದಿನ ಗೋಡೆಯ ಕಡೆ ನೋಡಿದಳು.

“ಇಲ್ಲ ಸರ್. ಯೋಚಿಸಿ ಮಾಡಿದ್ದಲ್ಲ. ಫ್ಲಾಸ್ಕ್ ಒದ್ದೆ ಇತ್ತು. ಚಿಕ್ಕಮ್ಮ ರಜೇಲಿದ್ದ ದಿನ ನಾನೇ ಅಸಿಟೋನ್ ಹಾಕಿ ತೊಳೆದು, ಒಣಗಿಸ್ದೆ ಎತ್ಕೊಂಡಿದ್ದೆ. ಹಾಗೇ ಬರೀರಿ. ಆವತ್ತು ಇದೇ ಕೋಣೇಲಿ ನಾನು ಚಿಕ್ಕಮ್ಮನ ಗಾಜು ಸರಿ ಇಲ್ಲ ಅಂದೆ. ಸುಳ್ಳು. ಚಿಕ್ಕಮ್ಮ, ತಪ್ಪು ನಂದು. ಎಲ್ಲಾರ್ ಎದುರಿಗೂ ಹೇಳ್ತಿದ್ದೀನಿ.”

ಚಿಕ್ಕಮ್ಮ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

“ನಂಗೊತ್ತಿತ್ತು.”

“ಏನು ಗೊತ್ತಿತ್ತು?”

“ನೀನು ಒದ್ದೆ ಫ್ಲಾಸ್ಕ್ ಎತ್ಕೊಂಡಿದ್ದು. ರಜೆ ಮುಗಿಸಿ ಬಂದಾಗ ಓವನ್ ತಣ್ಣಗಿತ್ತು, ಹಿಂದಿನ ದಿನ ಯಾರೂ ಹಚ್ಚೇ ಇರ್ಲಿಲ್ಲ. ಅಸಿಟೋನ್ ಬಾಟ್ಲಿ ಖಾಲಿ. ಐವತ್ತರ ಫ್ಲಾಸ್ಕ್ ನಿನ್ ಮೇಜಿನ ಮೇಲೆ. ಇನ್ನೇನು ಬೇಕು ತಿಳ್ಕೊಳ್ಳೋಕೆ?”

“ಮತ್ತೆ ಹೇಳ್ಬಾರ್ದಿತ್ತಾ ಚಿಕ್ಕಮ್ಮ!” ಅವಳ ದನಿ ಒಡೆಯಿತು. “ತಿಂಗಳಿಡೀ ಒದ್ದಾಡಿದ್ನಲ್ಲ! ಇನ್ನೊಂದು ದಿನ ತಡವಾಗಿದ್ರೆ ಎಲ್ಲ ಮುಚ್ಚಿಹೋಗ್ತಿತ್ತು!”

“ಹೇಳ್ತಿದ್ದೆ, ಪುಟ್ಟಿ. ಕೇಳಿದ್ರೆ ಹೇಳ್ತಿದ್ದೆ,” ಎಂದಳು ಚಿಕ್ಕಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಇಲ್ಲಿ ಇಷ್ಟು ಜನ ಓದಿದೋರು ಕೂತು, ಮೊದಲ ಸಲಕ್ಕೂ ಆಮೇಲಕ್ಕೂ ಏನು ವ್ಯತ್ಯಾಸ ಅಂತ ತಲೆ ಕೆಡಿಸ್ಕೊಂಡ್ರಿ. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನ ಒಬ್ರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ. ನನ್ನನ್ನೇ ದೂರಿದೆ.”

ತಟ್ಟೆರಾಯರು ಕನ್ನಡಕ ತೆಗೆದು ಒರೆಸತೊಡಗಿದರು. ಮುಖ್ಯಸ್ಥರ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ಆದರೆ ನುಂಗಿಸಿಕೊಳ್ಳಲು ಪುರುಸೊತ್ತಿಲ್ಲದಷ್ಟು ಜೋರಾಗಿ ಇನ್ನೊಂದು ಯೋಚನೆ ತಲೆಗೆ ನುಗ್ಗಿತು. ಕಣ್ಣೊರೆಸಿಕೊಂಡು ಕೇಳಿದಳು, “ಚಿಕ್ಕಮ್ಮ, ಹೀಗೆ ಇನ್ನೂ ಎಷ್ಟು ಸಲ ಒದ್ದೆ ಗಾಜು ಎತ್ಕೊಂಡಿದ್ದೀನಿ? ಆಗೆಲ್ಲ ಏನೇನು ಹುಟ್ಟಿರ್ಬಹುದೋ!”

“ನೀನಾ? ನಾಲ್ಕು ಸಲ. ಅದ್ರಲ್ಲಿ ಎರಡು ಸಲ ನೀನು ಬೇರೆ ಬಾಟ್ಲಿಯಿಂದ ತೊಳ್ದಿದ್ದೆ, ವಾಸ್ನೇನೇ ಬೇರೆ ಇತ್ತು.” ಚಿಕ್ಕಮ್ಮ ಕೋಣೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. “ಇಲ್ಲಿ ಕೂತಿರೋರೆಲ್ಲ ಸೇರಿದ್ರೆ ಹತ್ತಿಪ್ಪತ್ತಾಗುತ್ತೆ. ಯಾರು, ಯಾವತ್ತು, ಯಾವ ಫ್ಲಾಸ್ಕು, ಎಲ್ಲ ನೆನಪಿದೆ ನಂಗೆ.”

ಹತ್ತು ಮಂದಿ ಕುರ್ಚಿಯಲ್ಲಿ ಕುಗ್ಗಿದರು. ಮುಖ್ಯಸ್ಥರು ಎದ್ದು ತಮ್ಮ ಕುರ್ಚಿಯನ್ನೇ ಮೇಜಿನ ತುದಿಗೆ ಎಳೆದು, “ಕೂತ್ಕೊಳ್ಳಿ ಚಿಕ್ಕಮ್ಮ,” ಎಂದರು. ಚಿಕ್ಕಮ್ಮ ಸೀರೆಗೆ ಕೈ ಒರೆಸಿಕೊಂಡು ಕೂತಳು. ಅಕ್ಕನ ಮಗಳು ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು ಪಕ್ಕದಲ್ಲಿ ಬಂದು ಕೂತು ಪೆನ್ನಿನ ಮುಚ್ಚಳ ತೆಗೆದಳು.

“ಬರ್ಕೋ,” ಎಂದಳು ಚಿಕ್ಕಮ್ಮ.